ಉದ್ರಿ ಖಾತೆಯ ನಗು

ಸಿನಿಮಾ ಮುಗಿದು ಟ್ಯೂಬ್‌ಲೈಟ್ ಹಾಕಿದಾಗ ಮೊದಲು ಬಾಯಿ ತೆರೆದವರು ಮುನೀಮರು. “ಸರ್, ಆ ಮನೆಯ ಸಾಲಕ್ಕೆ ಜಾಮೀನು ಹಾಕಿದವರು ಯಾರು?” ಎಂದು ಕೇಳಿದರು. ನಟನೆ, ಪ್ರೇಮ, ಕೊನೆಯ ಭಾಷಣ ಎಂದು ನಾನು ಆರು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಜಾಮೀನಿಗೆ ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ. ನನಗೆ ಅಚ್ಚುಮೆಚ್ಚಿನ ಟಾಮ್ ಹ್ಯಾಂಕ್ಸ್ ‘ಲ್ಯಾರಿ ಕ್ರೌನ್’ ಚಿತ್ರದಲ್ಲಿ ಎಲ್ಲಿ ಎಡವಿದರು ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೇನೆ. ಅದರ ಬುಡಕ್ಕೆ ಕೈ ಹಾಕಿದ್ದು ಗಂಜಿನ, ಅಂದರೆ ನಮ್ಮೂರ ಧಾನ್ಯದ ಪೇಟೆಯ, ಈ ಒಂದು ಪ್ರಶ್ನೆ. ಅದಕ್ಕೇ ಆ ಸಂಜೆಯನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಕಲಬುರಗಿಯ ಸ್ಟೇಷನ್ ರಸ್ತೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ವಾರಕ್ಕೆ ಎರಡು ಸಂಜೆ ದುಡಿಯುವ ಜನರಿಗೆ ಮಾತುಗಾರಿಕೆ ಕಲಿಸುತ್ತೇನೆ. ಎದ್ದು ನಿಂತು ಮೂರು ನಿಮಿಷ, ತಡವರಿಸದೆ, ಕಾಗದ ನೋಡದೆ ಮಾತನಾಡುವುದು, ಪಠ್ಯವೆಂದರೆ ಅಷ್ಟೇ. ಈ ಸಲ ಹನ್ನೊಂದು ಮಂದಿ ಇದ್ದರು. ಅವರಲ್ಲಿ ನಾಲ್ವರು ಈ ಬರಹಕ್ಕೆ ಬೇಕು. ಸಾರಿಗೆ ನಿಗಮದ ಕಂಡಕ್ಟರ್ ಒಬ್ಬರು. ಐವತ್ತೊಂದರ ವಯಸ್ಸಿನಲ್ಲಿ ಮುಕ್ತ ವಿಶ್ವವಿದ್ಯಾಲಯದ ಬಿ.ಎ.ಗೆ ಓದುತ್ತಿದ್ದಾರೆ. ಅಂಗನವಾಡಿ ಕಾರ್ಯಕರ್ತೆ, ವಯಸ್ಸಿನಲ್ಲಿ ದೊಡ್ಡವರೂ ಸೇರಿ ಎಲ್ಲರೂ ಅವರನ್ನು ಅಕ್ಕಾ ಎನ್ನುತ್ತೇವೆ. ಬಿಸಿಎ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗಿ. ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಜೋಡಿಸುವ ವಿದ್ಯೆ ನಮ್ಮಲ್ಲಿ ಅವಳೊಬ್ಬಳಿಗೇ ಗೊತ್ತು. ನಾಲ್ಕನೆಯವರು ಮುನೀಮರು. ಇಪ್ಪತ್ತಾರು ವರ್ಷ ಒಂದೇ ದಾಲ್ ಮಿಲ್ಲಿನ ಲೆಕ್ಕ ಬರೆದವರು. “ಈಗ ಬಿಟ್ಟಿದ್ದೇನೆ” ಎಂದಷ್ಟೇ ಹೇಳಿದ್ದರು. ಏಕೆ ಎಂದು ನಾನು ಕೇಳಿರಲಿಲ್ಲ. ನಮ್ಮದು ತೊಗರಿಯ ಕಣಜ, 2019ರಲ್ಲಿ ಇಲ್ಲಿಯ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂದಿದೆ. ಮಾನ್ಯತೆ ಬೇಳೆಗೆ ಬಂತು, ಅದರ ಲೆಕ್ಕ ಬರೆಯುವವರಿಗೆ ಬರಲಿಲ್ಲ. ಇವರೆಲ್ಲರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡವೆಂದರು, ಹಾಕಿಲ್ಲ.

ಈ ಚಿತ್ರವನ್ನೇ ಆರಿಸಿಕೊಂಡದ್ದು ಏಕೆ ಎಂದು ಯಾರಾದರೂ ಕೇಳಬಹುದು. ಕಥೆ ಕೇಳಿದರೆ ನಮ್ಮ ತರಗತಿಗೆಂದೇ ಹೊಲಿಸಿದ ಅಂಗಿಯಂತಿದೆ. ಲ್ಯಾರಿ ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವನು. ಆಮೇಲೆ ದೊಡ್ಡದೊಂದು ಅಂಗಡಿಯಲ್ಲಿ ಮೈಮುರಿದು ದುಡಿಯುತ್ತಿದ್ದಾನೆ. ಒಂದು ದಿನ ಮೇಲಿನವರು ಕರೆಯುತ್ತಾರೆ. ಈ ತಿಂಗಳೂ ತನಗೇ ಪ್ರಶಸ್ತಿ ಎಂದುಕೊಂಡು ಹೋದವನಿಗೆ ಸಿಗುವುದು ವಜಾ: ಕಾಲೇಜು ಓದಿಲ್ಲ, ಹಾಗಾಗಿ ಮೇಲೇರುವ ದಾರಿಯಿಲ್ಲ, ಹಾಗಾಗಿ ಕೆಲಸವೂ ಇಲ್ಲ. ವಿಚ್ಛೇದಿತ, ಮನೆಯ ಮೇಲೆ ಸಾಲ. ನೆರೆಯವನ ಸಲಹೆಯಂತೆ ಊರಿನ ಸಮುದಾಯ ಕಾಲೇಜು ಸೇರುತ್ತಾನೆ. ಅಲ್ಲಿ ಬೆಳಗಿನ ಎಂಟು ಗಂಟೆಗೆ ಮಾತುಗಾರಿಕೆಯ ತರಗತಿ. ಹತ್ತು ವಿದ್ಯಾರ್ಥಿಗಳಿಲ್ಲದಿದ್ದರೆ ರದ್ದು. ಒಂಬತ್ತೇ ಜನರನ್ನು ಕಂಡ ಅಧ್ಯಾಪಕಿ ಸಂತೋಷದಿಂದ ಚೀಲ ಎತ್ತಿಕೊಂಡು ಹೊರಡುವಷ್ಟರಲ್ಲಿ ಹತ್ತನೆಯವನಾಗಿ ಲ್ಯಾರಿ ಒಳಗೆ ಬರುತ್ತಾನೆ. ಅಧ್ಯಾಪಕಿ ಜೂಲಿಯಾ ರಾಬರ್ಟ್ಸ್. ಮುಂದೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ತೊಂದರೆ ಇರುವುದೂ ಅಲ್ಲಿಯೇ.

ಚಿತ್ರ ಬಂದದ್ದು 2011ರ ಜುಲೈ 1ರಂದು, ನಮ್ಮ ಊರನ್ನು ಇನ್ನೂ ಗುಲ್ಬರ್ಗಾ ಎನ್ನುತ್ತಿದ್ದ ಕಾಲದಲ್ಲಿ. ಆಗ ನಾನೊಬ್ಬನೇ ನೋಡಿ ‘ಪರವಾಗಿಲ್ಲ’ ಎಂದುಕೊಂಡು ಮರೆತಿದ್ದೆ. ಮೆಚ್ಚಿದ ನಟನ ವಿಷಯದಲ್ಲಿ ‘ಪರವಾಗಿಲ್ಲ’ ಎಂಬ ಮಾತು ಎಷ್ಟು ದೊಡ್ಡ ಸುಳ್ಳು ಎಂಬುದು ಅಭಿಮಾನಿಗಳಿಗೆ ಗೊತ್ತು. ಎರಡನೆಯ ಸಲ, ಹನ್ನೊಂದು ಜನರ ನಡುವೆ ಕುಳಿತು ನೋಡುವಾಗ, ಆ ಸುಳ್ಳನ್ನು ಹೇಳಿಕೊಳ್ಳಲು ಆಗಲಿಲ್ಲ.

ಶರಣಬಸವೇಶ್ವರರ ಜಾತ್ರೆ ಮುಗಿದ ವಾರ. ಸಂಜೆ ಏಳಾದರೂ ಗೋಡೆ ಬಿಸಿಯಾಗಿತ್ತು. ಕಂಡಕ್ಟರ್ ಸೂಪರ್ ಮಾರ್ಕೆಟ್ ಕಡೆಯಿಂದ ಮಿರ್ಚಿ ಭಜಿ ತಂದಿದ್ದರು. ಅಕ್ಕ ಮನೆಯಿಂದ ಡಬ್ಬಿ ತುಂಬ ಸುಸಲಾ. ಇಂಗ್ಲಿಷ್ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರ. ನಡುನಡುವೆ ನಿಲ್ಲಿಸಿ ನಾನು ಕನ್ನಡದಲ್ಲಿ ಹೇಳುವುದು ಎಂಬ ಒಪ್ಪಂದವಾಗಿತ್ತು. ನಾಯಕನ ಪರಿಚಯ ಮಾಡಿಕೊಟ್ಟೆ: 1994ರಲ್ಲಿ ಒಂದು, 1995ರಲ್ಲಿ ಇನ್ನೊಂದು ಎಂದು ಸಾಲಾಗಿ ಎರಡು ವರ್ಷ ಶ್ರೇಷ್ಠ ನಟ ಆಸ್ಕರ್ ಪಡೆದವರು, ಎರಡನೆಯದು ‘ಫಾರೆಸ್ಟ್ ಗಂಪ್’ ಚಿತ್ರಕ್ಕೆ. “ಆಮಿರ್ ಖಾನ್ ಹಿಂದಿಯಲ್ಲಿ ಲಾಲ್ ಸಿಂಗ್ ಎಂದು ಮಾಡಿದರಲ್ಲ, ಅದರ ಮೂಲದವರೇ?” ಎಂದು ಕಂಡಕ್ಟರ್ ಕೇಳಿದರು. ಹೌದೆಂದೆ. ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆ ಎಳೆದುಕೊಂಡ ಕುರ್ಚಿಯನ್ನು ನೆನಪಿಟ್ಟುಕೊಳ್ಳಿ. ಚಿತ್ರ ಇನ್ನೂ ಶುರುವಾಗಿಲ್ಲ, ಜನ ಆಗಲೇ ನಂಬಿದ್ದಾರೆ.

ವಜಾದ ದೃಶ್ಯ ಬಂತು. ಲ್ಯಾರಿ ನಗುಮುಖದಿಂದ ಒಳಗೆ ಹೋಗುತ್ತಾನೆ, ಎದುರಿಗೆ ಮೇಲಧಿಕಾರಿಗಳು. ಸುತ್ತುಬಳಸಿನ ಮಾತು, ಅರ್ಥವಾಗದ ಲ್ಯಾರಿ, ಆಮೇಲೆ ಅರ್ಥವಾದ ಲ್ಯಾರಿ. ಹ್ಯಾಂಕ್ಸ್ ಮುಖದಲ್ಲಿ ಒಂದು ಗಳಿಗೆ ಏನೋ ಕುಸಿಯುತ್ತದೆ. ನಿಜವಾಗಿಯೂ ಒಳ್ಳೆಯ ಗಳಿಗೆ ಅದು. ಅವರನ್ನು ಏಕೆ ಮೆಚ್ಚುತ್ತೇವೆ ಎಂಬುದು ನೆನಪಾಗುತ್ತದೆ. ಹುಡುಗಿ ‘ಅಯ್ಯೋ’ ಎಂದಳು. ಮುನೀಮರು ಭಜಿಯನ್ನು ಬಾಯಿಗೆ ಒಯ್ಯುತ್ತಿದ್ದವರು ತಟ್ಟೆಗೆ ವಾಪಸ್ ಇಟ್ಟರು. ನಾನು ಅದನ್ನು ಕಂಡೆ, ಖಾರ ಹೆಚ್ಚಾಗಿರಬೇಕು ಎಂದುಕೊಂಡೆ.

ಆದರೆ ಆ ಗಳಿಗೆಯ ಮೇಲೆ ಚಿತ್ರ ಕಾಲೂರುವುದೇ ಇಲ್ಲ. ಕೆಲಸ ಹುಡುಕಿ ಸಿಗಲಿಲ್ಲ ಎಂದು ಅವಸರದಲ್ಲಿ ತೋರಿಸುತ್ತದೆ, ಬ್ಯಾಂಕಿನಲ್ಲೊಂದು ತಮಾಷೆಯ ಮಾತುಕತೆ ನಡೆಯುತ್ತದೆ, ನೆರೆಯವನ ಅಂಗಳದ ಹಳೆ ಸಾಮಾನಿನ ನಡುವೆ ಒಂದು ಸ್ಕೂಟರ್ ಸಿಗುತ್ತದೆ, ಕಾಲೇಜಿನ ಹಸಿರು ಹುಲ್ಲು ಕಾಣುತ್ತದೆ. ತಾಲಿಯಾ ಎಂಬ ಚೆಲುವೆ ಎದುರಾಗುತ್ತಾಳೆ. ಅವಳಿಗೊಂದು ಸ್ಕೂಟರ್ ಬಳಗವಿದೆ. ಅವಳು ಲ್ಯಾರಿಯ ಕೂದಲು ಕತ್ತರಿಸುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ಮನೆಯ ಕುರ್ಚಿ ಮೇಜುಗಳನ್ನು ಬೇರೆ ಮೂಲೆಗೆ ಸರಿಸುತ್ತಾಳೆ, ಹೊಸ ಹೆಸರನ್ನೂ ಇಡುತ್ತಾಳೆ. ಇಲ್ಲಿ ನಮ್ಮ ಹುಡುಗಿ ಹೇಳಿದ ಮಾತು: “ಸರ್, ಅವಳಿಗೆ ಮಾಡಲು ಬೇರೆ ಕೆಲಸವೇ ಇರಲಿಲ್ಲವೇ?” ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಆಮೇಲೆ ಅದೇ ತಾಲಿಯಾ ಹಳೆ ಬಟ್ಟೆಗಳ ಅಂಗಡಿ ತೆರೆಯುವುದಕ್ಕೆಂದು ಓದು ಬಿಡುತ್ತಾಳೆ. ಕಾಲೇಜೇ ಬಾಳು ಬೆಳಗುತ್ತದೆ ಎಂದು ಸಾರುವ ಚಿತ್ರ, ಆ ಹುಡುಗಿ ಕಾಲೇಜು ಬಿಟ್ಟದ್ದನ್ನು ಹವಾಮಾನ ವರದಿಯಂತೆ ಹೇಳಿ ಮುಂದೆ ಹೋಗುತ್ತದೆ.

ಅರ್ಧ ದಾರಿಯಲ್ಲಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದೆ: ಈ ಮನುಷ್ಯನಿಗೆ ಯಾವುದರ ಭಯ? ಮಾತುಗಾರಿಕೆಯ ತರಗತಿಯಲ್ಲಿ ಇದು ನನ್ನ ಹಳೆಯ ಪ್ರಶ್ನೆ. ನಗಿಸುವವನ ಒಳಗೊಂದು ಭಯ ಇರಲೇಬೇಕು. ಜಾತ್ರೆಯಲ್ಲಿ ಟೆಂಟ್ ಹಾಕುವ ನಾಟಕ ಕಂಪನಿಗಳ ಹಾಸ್ಯಪಾತ್ರಕ್ಕೆ ಹೆಂಡತಿಯ ಭಯ, ಸಾಹುಕಾರನ ಭಯ, ಸಿಕ್ಕಿಬೀಳುವ ಭಯ. ಅದಕ್ಕೇ ಒನ್ಸ್‌ಮೋರ್ ಬೀಳುತ್ತದೆ. ಲ್ಯಾರಿಗೆ? ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಕಂಡಕ್ಟರ್, “ಪೆಟ್ರೋಲ್ ದರದ ಭಯ ಇದ್ದಂತಿದೆ, ಸರ್” ಎಂದರು. ನಗುತ್ತಲೇ ಹೇಳಿದರು, ಆದರೆ ಅದೇ ಸರಿಯಾದ ಉತ್ತರ. ಇಡೀ ಚಿತ್ರದಲ್ಲಿ ಆ ಮನುಷ್ಯ ನಿಜವಾಗಿ ಬೆದರಿದ್ದು ಪೆಟ್ರೋಲ್ ಬಂಕಿನಲ್ಲಿ.

ಅಧ್ಯಾಪಕಿ ಕುಡಿದು, ಗಂಡನೊಡನೆ ಜಗಳವಾಡಿ, ಲ್ಯಾರಿಯ ಸ್ಕೂಟರ್ ಹತ್ತಿ ಮನೆಗೆ ಬಂದ ಘಟ್ಟದಲ್ಲಿ ಕರೆಂಟ್ ಹೋಯಿತು. ಇಪ್ಪತ್ತು ನಿಮಿಷ ಕತ್ತಲೆ. ಈ ಇಪ್ಪತ್ತು ನಿಮಿಷವೇ ನನ್ನ ಬಳಿಯಿರುವ ದೊಡ್ಡ ಸಾಕ್ಷ್ಯ. ಮೊಬೈಲ್ ಬೆಳಕಿನಲ್ಲಿ ಸುಸಲಾ ಹಂಚಿಕೊಂಡೆವು. ನಲ್ಲಿಗೆ ನೀರು ಬಂದು ಎಷ್ಟು ದಿನವಾಯಿತು, ಟ್ಯಾಂಕರಿಗೆ ಎಷ್ಟು ಕೊಟ್ಟೆವು, ಆಳಂದ ರಸ್ತೆಯಲ್ಲಿ ಯಾರದೋ ಮದುವೆಯಲ್ಲಿ ಊಟ ಹೇಗಿತ್ತು, ಎಲ್ಲವೂ ಬಂತು. ‘ಮುಂದೇನಾಯಿತು’ ಎಂದು ಹನ್ನೊಂದರಲ್ಲಿ ಒಬ್ಬರೂ ಕೇಳಲಿಲ್ಲ. ಇಬ್ಬರು ತಾರೆಯರು ಮೊದಲ ಮುತ್ತಿನ ಹೊಸ್ತಿಲಲ್ಲಿ ನಿಂತಿದ್ದಾರೆ, ಜನ ಟ್ಯಾಂಕರಿನ ಮಾತು ಆಡುತ್ತಿದ್ದಾರೆ. ನಾನೂ ಆಡಿದೆ.

ಕರೆಂಟ್ ಬಂತು, ಮುತ್ತೂ ಬಂತು, ಪರೀಕ್ಷೆ ಬಂತು, ಲ್ಯಾರಿಯ ಕೊನೆಯ ಭಾಷಣ ಬಂತು. ಒಟ್ಟು ಒಂದೂ ಮುಕ್ಕಾಲು ಗಂಟೆಯೂ ಇಲ್ಲದ ಚಿತ್ರ. ಆಮೇಲೆ ಮುನೀಮರ ಜಾಮೀನು.

ಅವರು ಮಾತಿಗೆ ಕೇಳಿದ್ದಲ್ಲ. ನೋಡುತ್ತಲೇ ಹಳೆಯ ಕರಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎರಡು ಅಂಕಣ ಎಳೆದು ಲ್ಯಾರಿಯ ಕೀರ್ದಿ ಬರೆದಿದ್ದರು. ಎಡಕ್ಕೆ ಜಮಾ: ಗೆಳೆಯನ ಹೋಟೆಲಿನಲ್ಲಿ ಅಡುಗೆ ಕೆಲಸದ ಸಂಬಳ. ಬಲಕ್ಕೆ ಖರ್ಚು: ಸಾಲದ ಕಂತು, ಶುಲ್ಕ, ಸ್ಕೂಟರ್, ಹೊಸ ಬಟ್ಟೆ. ಮೊತ್ತಗಳ ಜಾಗದಲ್ಲಿ ಅಡ್ಡಗೆರೆ, ಏಕೆಂದರೆ ಚಿತ್ರ ಮೊತ್ತ ಹೇಳುವುದಿಲ್ಲ. “ಲೆಕ್ಕ ಕೂಡುವುದಿಲ್ಲ, ಸರ್. ಆದರೂ ಆ ಮನುಷ್ಯ ರಾತ್ರಿ ನಿದ್ದೆ ಮಾಡುತ್ತಾನೆ. ಕೊನೆಗೆ ಬೀಗದ ಕೈ ಬ್ಯಾಂಕಿಗೆ ಕೊಟ್ಟು ಕೈ ತೊಳೆದುಕೊಂಡ. ಜಾಮೀನು ಹಾಕಿದವನ ಗತಿ ಏನು?”

ಇದನ್ನು ಬಿಡಿಸಿ ಹೇಳಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ವಾಸಕ್ಕೆಂದು ಮನೆ ಕೊಳ್ಳಲು ಪಡೆದ ಸಾಲಕ್ಕೆ ಸಾಮಾನ್ಯವಾಗಿ ಮನೆಯೊಂದೇ ಹೊಣೆ. ಮನೆ ಹೋದರೆ ಬಾಕಿಗಾಗಿ ಸಾಲಗಾರನ ಬೆನ್ನು ಹತ್ತುವಂತಿಲ್ಲ. ಲ್ಯಾರಿ ತನ್ನ ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತ ಬುದ್ಧಿಯನ್ನೇ ಅಲ್ಲಿ ಬಳಸುತ್ತಾನೆ. ನಮ್ಮಲ್ಲಿ ಹಾಗಿಲ್ಲ. 2002ರ ಸರ್ಫೇಸಿ ಕಾಯಿದೆಯ ಪ್ರಕಾರ ಬ್ಯಾಂಕು ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ಅದರಿಂದ ತೀರದೆ ಉಳಿದ ಬಾಕಿಗೆ ಸಾಲಗಾರನನ್ನೂ ಜಾಮೀನುದಾರನನ್ನೂ ಹಿಡಿಯಬಹುದು. ಮುನೀಮರು ತಲೆಯಾಡಿಸಿದರು. ಕಾನೂನು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. “ಕಾನೂನು ಇರಲಿ. ಆ ಮನುಷ್ಯ ಯಾರ ಮುಖ ನೋಡಲು ನಾಚಿದ, ಹೇಳಿ” ಎಂದರು.

ಯಾರ ಮುಖವನ್ನೂ ನೋಡಲು ನಾಚುವುದಿಲ್ಲ. ಚಿತ್ರದ ನೆಲದ ಕೆಳಗೆ ಹುಡುಕಿದರೆ ಸಿಗುವ ಬಿರುಕು ಇದು. ಲ್ಯಾರಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ತಾಯಿ ಇಲ್ಲ. ಕೆಲಸ ಹೋದ ಸುದ್ದಿಯನ್ನು ಹೇಳಬೇಕಾದವರು ಯಾರೂ ಇಲ್ಲ. ಕೆಲಸ ಕಳೆದುಕೊಂಡವನಿಗೆ ಮೊದಲ ಸಂಕಟ ಹಣದ್ದಲ್ಲ, ಬಾಗಿಲು ತಟ್ಟುವುದರದು. ಚಿತ್ರ ಆ ಬಾಗಿಲನ್ನೇ ತೆಗೆದುಹಾಕಿದೆ. ಸಂಕಟ ಬರಬಾರದು ಎಂದು ಮೊದಲೇ ಮನೆ ಖಾಲಿ ಮಾಡಿಟ್ಟಿದ್ದಾರೆ.

ಅಮೆರಿಕದ ಸಮಯ ನೋಡಿದರೆ ಇದು ಇನ್ನೂ ಸೋಜಿಗ. 2009ರ ಅಕ್ಟೋಬರಿನಲ್ಲಿ ಅಲ್ಲಿನ ನಿರುದ್ಯೋಗ ಶೇ 10ಕ್ಕೆ ಏರಿತ್ತು; ಈ ಚಿತ್ರ ತೆರೆ ಕಂಡಾಗಲೂ ಶೇ 9ರ ಆಸುಪಾಸಿನಲ್ಲೇ ಇತ್ತು. ಲ್ಯಾರಿಯಂಥವರು ಪ್ರತಿ ಬೀದಿಯಲ್ಲೂ ಇದ್ದರು. 2009ರ ‘ಅಪ್ ಇನ್ ದಿ ಏರ್’ ಎಂಬ ಚಿತ್ರದಲ್ಲಿ, ವಜಾದ ಸುದ್ದಿ ಕೇಳುವ ದೃಶ್ಯಗಳಿಗೆ ನಿಜವಾಗಿ ಕೆಲಸ ಕಳೆದುಕೊಂಡಿದ್ದ ಜನರನ್ನೇ ತಂದು ಕೂರಿಸಿದ್ದರು. ಅದೂ ನಗಿಸುವ ಚಿತ್ರವೇ, ಅದರಲ್ಲೂ ಪ್ರೇಮವಿದೆ. ಆದರೆ ಆ ಮುಖಗಳನ್ನು ನೋಡಿದ ಮೇಲೆ ನಾಯಕನ ಯಾವ ನಗೆಮಾತೂ ಪುಕ್ಕಟೆಯಾಗಿ ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಅಕ್ಕನ ಮಾತನ್ನೂ ಬರೆಯಬೇಕು; ಇಲ್ಲದಿದ್ದರೆ ನಾನು ಪ್ರಾಮಾಣಿಕನಲ್ಲ. ಅವರಿಗೆ ಚಿತ್ರ ಹಿಡಿಸಿತು. “ಒಳ್ಳೆಯವನಿಗೆ ಒಳ್ಳೆಯದಾಯಿತು. ಅದರಲ್ಲಿ ನಿಮಗೇನು ಕಷ್ಟ, ಸರ್? ದಿನವೂ ಟಿವಿಯಲ್ಲಿ ಅಳುವುದು ಇದ್ದೇ ಇದೆ.” ಅದಕ್ಕಿಂತ ಮುಖ್ಯವಾದದ್ದು, ಅವರು ಕಣ್ಣು ನೆಟ್ಟದ್ದು ನಾಯಕನ ಮೇಲಲ್ಲ, ಅಧ್ಯಾಪಕಿಯ ಮೇಲೆ. ಹತ್ತನೆಯ ವಿದ್ಯಾರ್ಥಿ ಬಂದಾಗ ಜೂಲಿಯಾ ರಾಬರ್ಟ್ಸ್ ಮುಖದಲ್ಲಿ ಬರುವ ಬೇಸರವಿದೆಯಲ್ಲ, ಅದನ್ನು ಅಕ್ಕ ಎರಡು ಸಲ ಹಾಕಿಸಿ ನೋಡಿದರು. “ಇದು ನಿಜ. ಮಕ್ಕಳು ಕಡಿಮೆಯಾದರೆ ಕೇಂದ್ರ ಮುಚ್ಚುತ್ತಾರೆ ಎಂಬ ಹೆದರಿಕೆ ಒಂದು ಕಡೆ. ಯಾರೂ ಬರದಿದ್ದರೆ ಇವತ್ತೊಂದು ದಿನ ಸುಮ್ಮನೆ ಕುಳಿತೇನು ಎಂಬ ಆಸೆ ಇನ್ನೊಂದು ಕಡೆ. ಎರಡೂ ಒಂದೇ ದಿನ ಇರುತ್ತವೆ.” ಅಕ್ಕನ ಆಕ್ಷೇಪ ಒಂದೇ: ಮೇಡಮ್ ಕುಡಿದಿದ್ದಾಗ ಕೊಟ್ಟ ಮುತ್ತು ಲೆಕ್ಕಕ್ಕಿಲ್ಲ. ಅವರ ಈ ಒಲವು ನನ್ನ ವಾದವನ್ನೇ ಗಟ್ಟಿ ಮಾಡಿತು. ಆ ಅಧ್ಯಾಪಕಿಗೆ ತಪ್ಪುಗಳಿವೆ: ಕುಡಿಯುತ್ತಾಳೆ, ಕೆಲಸದಲ್ಲಿ ಮೈಗಳ್ಳತನ, ಮನೆಯಲ್ಲಿ ಬಾಯಿಗೆ ಬಂದದ್ದು ಆಡುತ್ತಾಳೆ. ಅದಕ್ಕೇ ಅವಳು ಬದಲಾಗಲು ಜಾಗವಿದೆ. ಲ್ಯಾರಿಗೆ ತಪ್ಪೇ ಇಲ್ಲ. ಅವನ ಅಂಗಿ ಬದಲಾಗುತ್ತದೆ, ಅವನು ಬದಲಾಗುವುದಿಲ್ಲ.

ಹ್ಯಾಂಕ್ಸ್ ಪ್ರೇಮಹಾಸ್ಯಕ್ಕೆ ಹೊಸಬರೇನೂ ಅಲ್ಲ. ಆ ಕಲೆಯ ಮೇಷ್ಟ್ರು ಅವರು. 1993ರ ‘ಸ್ಲೀಪ್‌ಲೆಸ್ ಇನ್ ಸಿಯಾಟಲ್’ ಚಿತ್ರದಲ್ಲಿ ಹೆಂಡತಿ ಸತ್ತು ನಿದ್ದೆಗೆಟ್ಟ ಗಂಡ. ನಗುವಾಗಲೂ ಆ ಸಾವು ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತದೆ. 1998ರ ‘ಯೂ ಹ್ಯಾವ್ ಗಾಟ್ ಮೇಲ್’ ಇನ್ನೂ ಒಳ್ಳೆಯ ಉದಾಹರಣೆ. ಅಲ್ಲಿ ಅವರು ದೊಡ್ಡ ಪುಸ್ತಕ ಮಳಿಗೆಗಳ ಒಡೆಯ. ನಾಯಕಿ ತಾಯಿಯಿಂದ ಬಂದ ಪುಟ್ಟ ಪುಸ್ತಕದಂಗಡಿಯನ್ನು ಮುಚ್ಚಬೇಕಾಗುವುದು ಅವರ ದೆಸೆಯಿಂದ. ಹೆಸರು ಮುಚ್ಚಿಟ್ಟು ತನಗೆ ಮಿಂಚಂಚೆ ಬರೆಯುತ್ತಿರುವವಳು ಅವಳೇ ಎಂಬುದು ಇವರಿಗೆ ಮೊದಲು ತಿಳಿಯುತ್ತದೆ, ಅವಳಿಗೆ ಹೇಳುವುದಿಲ್ಲ. ಒಬ್ಬಳ ಅಂಗಡಿ ಮುಳುಗಿಸಿ, ಮೇಲೆ ಅವಳಿಗೆ ಸುಳ್ಳು ಹೇಳುತ್ತಿರುವವನನ್ನು ನಾವು ಪ್ರೀತಿಸುವಂತೆ ಮಾಡಿದರಲ್ಲ, ಅದು ನಟನೆ. ಪ್ರತಿ ದೃಶ್ಯದಲ್ಲೂ ನಮ್ಮ ಪ್ರೀತಿಯನ್ನು ಹೊಸದಾಗಿ ದುಡಿದು ಗಳಿಸಬೇಕಾಗಿತ್ತು, ಗಳಿಸಿದರು. ಲ್ಯಾರಿಯ ಪಾತ್ರದಲ್ಲಿ ದುಡಿಯಬೇಕಾಗಿಯೇ ಇಲ್ಲ. ನಾವು ಕುರ್ಚಿ ಎಳೆದುಕೊಂಡು ಕುಳಿತಾಗಲೇ ಆ ಪ್ರೀತಿ ಅವರ ಖಾತೆಯಲ್ಲಿತ್ತು. ಗಂಜಿನ ಭಾಷೆಯಲ್ಲಿ ಇದು ಉದ್ರಿ ವ್ಯಾಪಾರ: ಹಳೆಯ ಗಿರಾಕಿ, ಮುಖ ನೋಡಿ ಸಾಮಾನು ಕೊಟ್ಟೆವು, ರೊಕ್ಕ ಎಣಿಸಲಿಲ್ಲ.

ಹಾಗಾದರೆ ಇಷ್ಟು ತಿಳಿದವರು ಹೀಗೇಕೆ ಮಾಡಿದರು? ನಿರ್ದೇಶನ ಅವರದೇ, ಹಿರಿತೆರೆಗೆ 1996ರ ‘ದಟ್ ಥಿಂಗ್ ಯು ಡು’ ಆದ ಮೇಲೆ ಅವರು ನಿರ್ದೇಶಿಸಿದ ಚಿತ್ರ ಇದು. ನಿರ್ಮಾಪಕರಲ್ಲಿ ಅವರೂ ಒಬ್ಬರು. ಚಿತ್ರಕಥೆಯನ್ನು ನಿಯಾ ವಾರ್ಡಲೋಸ್ ಜೊತೆ ಸೇರಿ ಬರೆದವರೂ ಅವರೇ. ಮದುಮಗ, ಪುರೋಹಿತ, ಅಡುಗೆಯವ ಎಲ್ಲವೂ ಒಬ್ಬರೇ ಆದರೆ ಸಾರಿಗೆ ಉಪ್ಪಿಲ್ಲ ಎಂದು ಹೇಳುವವರು ಯಾರು? ಈ ಕಾರಣ ಸರಿ, ಆದರೆ ಸುಲಭದ್ದು; ಎಲ್ಲರೂ ಹೇಳುವಂಥದ್ದು. ನನಗೆ ಇನ್ನೊಂದು ಕಾರಣ ಹೆಚ್ಚು ನಿಜವೆನಿಸುತ್ತದೆ. ಹ್ಯಾಂಕ್ಸ್ ತಾವೇ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೇವರ್ಡ್ ಊರಿನ ಶಾಬೋ ಎಂಬ ಸಮುದಾಯ ಕಾಲೇಜಿನಲ್ಲಿ ಓದಿದವರು. ಬೇರೆ ಕಡೆ ಸೀಟು ಸಿಗದ ಹುಡುಗ, ಹಣವೂ ಇಲ್ಲ. ಬಾಗಿಲು ತೆರೆದದ್ದು ಅದೊಂದು ಕಾಲೇಜು. 2015ರ ಜನವರಿಯಲ್ಲಿ, ಸಮುದಾಯ ಕಾಲೇಜಿನ ಎರಡು ವರ್ಷದ ಓದನ್ನು ಉಚಿತ ಮಾಡುವ ಪ್ರಸ್ತಾವವನ್ನು ಅಧ್ಯಕ್ಷ ಒಬಾಮ ಮುಂದಿಟ್ಟಾಗ, ಹ್ಯಾಂಕ್ಸ್ ಪತ್ರಿಕೆಯಲ್ಲಿ ಲೇಖನ ಬರೆದು ತಾನು ಏನಾಗಿದ್ದೇನೋ ಅದೆಲ್ಲ ಆ ಕಾಲೇಜಿನ ಋಣ ಎಂದರು. ಆ ಲೇಖನದಲ್ಲಿ ಅಲ್ಲಿನ ಮೇಷ್ಟ್ರುಗಳನ್ನು ಅವರು ನೆನೆದ ರೀತಿ ಎದೆ ತುಂಬುವಂಥದ್ದು.

‘ಲ್ಯಾರಿ ಕ್ರೌನ್’ ಕೂಡ ಅದೇ ಕೃತಜ್ಞತೆಯ ಕಾಗದ. ಕೃತಜ್ಞತೆಯ ಕಾಗದದಲ್ಲಿ ಯಾರೂ ಕೆಟ್ಟವರಾಗುವಂತಿಲ್ಲ. ಕಾಲೇಜು ಒಳ್ಳೆಯದು, ಸಹಪಾಠಿಗಳು ಒಳ್ಳೆಯವರು, ನೆರೆಯವನು ಒಳ್ಳೆಯವನು. ಅರ್ಥಶಾಸ್ತ್ರದ ಕಟ್ಟುನಿಟ್ಟಿನ ಮೇಷ್ಟ್ರು ಕೂಡ ಮೊಬೈಲ್ ಕಿತ್ತುಕೊಂಡು ನಗುವವರು. ಇರುವ ಒಬ್ಬ ಕೆಟ್ಟವನು ಅಧ್ಯಾಪಕಿಯ ಗಂಡ. ಅವನು ಕಾಲೇಜಿನ ಹೊರಗಿನವನು. ಮುನೀಮರಿಗೆ ಈ ಶಾಬೋ ವಿಷಯ ಹೇಳಿದಾಗ ಅವರು ಒಂದೇ ವಾಕ್ಯದಲ್ಲಿ ಮುಗಿಸಿದರು: “ನಮ್ಮ ಖಾತೆಯಿಂದ ತೆಗೆದು ಆ ಕಾಲೇಜಿನ ಖಾತೆಗೆ ಜಮಾ ಮಾಡಿದ್ದಾರೆ.” ಜಾಮೀನು ಹಾಕಿದವರು ಯಾರು ಎಂಬ ಅವರ ಪ್ರಶ್ನೆಗೂ ಉತ್ತರ ಸಿಕ್ಕಿತು. ಹಾಕಿದವರು ನಾವೇ.

ವ್ಯಾಪಾರದಲ್ಲಿ ಚಿತ್ರ ಮುಳುಗಲಿಲ್ಲ. ಸುಮಾರು 3 ಕೋಟಿ ಡಾಲರ್ ವೆಚ್ಚಕ್ಕೆ ಜಗತ್ತಿನಾದ್ಯಂತ ಸುಮಾರು 7 ಕೋಟಿ 20 ಲಕ್ಷ ಡಾಲರ್ ಬಂತು; ಅದರಲ್ಲಿ ಅರ್ಧದಷ್ಟು ಅಮೆರಿಕ ಮತ್ತು ಕೆನಡಾದ್ದು. ಅದೇ ವಾರ ರೋಬೋಟ್‌ಗಳು ಬಡಿದಾಡುವ ದೊಡ್ಡ ಚಿತ್ರವೊಂದು ಎದುರಿಗಿತ್ತು ಎಂಬ ನೆಪವೂ ಉಂಟು. ದಿವಾಳಿ ಆಗಿದ್ದರೆ ಜನ ಕನಿಕರದಿಂದಾದರೂ ನೆನೆಯುತ್ತಿದ್ದರು. ಇದು ನೆನಪಿನಿಂದಲೇ ಜಾರಿಹೋಯಿತು.

ನಮ್ಮ ಕಡೆಯ ಮಾತನ್ನು ತಂದವರು ಕಂಡಕ್ಟರ್. ತಾರೆಯನ್ನು ನೋಯಿಸಿದರೆ ಜನ ಒಪ್ಪುವುದಿಲ್ಲ ಎಂದು ಹುಡುಗಿ ಅಂದಳು; ಅದಕ್ಕೇ ಲ್ಯಾರಿಯನ್ನು ಕಾಪಾಡಿದ್ದಾರೆ ಎಂಬುದು ಅವಳ ಊಹೆ. ಕಂಡಕ್ಟರ್ ಕೈ ಅಡ್ಡ ಆಡಿಸಿದರು. “ಕಸ್ತೂರಿ ನಿವಾಸ ನೋಡಿದ್ದೀಯಾ, ತಂಗಿ?” 1971ರ ಆ ಚಿತ್ರಕ್ಕೆ 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಅವರು ಡ್ಯೂಟಿ ಬದಲಿಸಿಕೊಂಡು ಹೋಗಿದ್ದರಂತೆ. ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿ ಎಲ್ಲ ಕಳೆದುಕೊಂಡು, ಮನೆಗೆ ಬಂದವಳಿಗೆ ಊಟ ಹಾಕಲು ಸಾಕಿದ ಪಾರಿವಾಳವನ್ನೇ ಮಾರಿಸುತ್ತಾನೆ. ಊಟವಾದ ಮೇಲೆ ಅವಳು ಕೇಳುವುದು ಅದೇ ಪಾರಿವಾಳವನ್ನು. ರಾಜ್‌ಕುಮಾರರಿಗಿಂತ ಹೆಚ್ಚು ಪ್ರೀತಿ ಪಡೆದ ನಟ ಕನ್ನಡದಲ್ಲಿ ಯಾರಿದ್ದಾರೆ? ಆ ಪ್ರೀತಿಯನ್ನೇ ಒತ್ತೆಯಿಟ್ಟು ಚಿತ್ರ ಅವರನ್ನು ಬರಿಗೈ ಮಾಡಿತು. ಜನ ಒಪ್ಪದಿರಲಿಲ್ಲ, ನಲವತ್ಮೂರು ವರ್ಷದ ಮೇಲೂ ಟಿಕೆಟ್ ಕೊಂಡು ಅತ್ತರು. ಹುಡುಗಿ ಮೊಬೈಲಿನಲ್ಲಿ ಹೆಸರು ಬರೆದುಕೊಂಡಳು. ದುರಂತಕ್ಕೂ ಪ್ರೇಮಹಾಸ್ಯಕ್ಕೂ ಹೋಲಿಕೆ ಸಲ್ಲದು ಎಂದು ನಾನು ವಾದಿಸಬಹುದಿತ್ತು. ವಾದಿಸಲಿಲ್ಲ, ಗಂಟೆ ಹತ್ತಾಗಿತ್ತು, ಅಕ್ಕನಿಗೆ ಶಹಾಬಜಾರಿನ ಕಡೆ ಆಟೋ ಸಿಗಬೇಕಿತ್ತು. ಅವರು ಹೊರಡುವಾಗ, “ಆ ನಟರ ಬೇರೆ ಸಿನಿಮಾ ಹಾಕಿ ಸರ್, ಇದು ಬಾಕಿಯಲ್ಲಿರಲಿ” ಎಂದು ಮುನೀಮರಿಂದ ಕಲಿತ ಮಾತನ್ನು ನನಗೇ ತಿರುಗಿಸಿದರು.

ಈ ಪ್ರಕರಣದಲ್ಲಿ ನನ್ನ ತಪ್ಪೂ ಇದೆ. ಕಥಾಸಾರಾಂಶ ಓದಿ ಚಿತ್ರ ಆರಿಸಿದೆ. ನಡುವಯಸ್ಸು, ಕೆಲಸ ಹೋದದ್ದು, ಓದು, ಮಾತುಗಾರಿಕೆ, ಎಲ್ಲ ಹೊಂದುತ್ತದೆ ಎಂದು. ಹೊಂದಿಕೆಯನ್ನೇ ನಿಜವೆಂದು ಎಣಿಸಿದೆ. ಭಜಿ ವಾಪಸ್ ತಟ್ಟೆಗೆ ಹೋದದ್ದನ್ನು ಕಂಡೂ ಖಾರದ ಮೇಲೆ ಹಾಕಿದೆ.

ಮುಂದಿನ ತರಗತಿಗೆ ಚಿತ್ರದಲ್ಲಿ ಅಧ್ಯಾಪಕಿ ಕೊಡುವಂಥದ್ದೇ ಕೆಲಸ ಕೊಟ್ಟೆ: ಯಾವುದಾದರೂ ವಿಷಯ, ಸಿದ್ಧತೆ ಬೇಡ, ಮೂರು ನಿಮಿಷ. ಕಂಡಕ್ಟರ್ ಚಿಲ್ಲರೆಯ ಬಗ್ಗೆ ಮಾತನಾಡಿದರು, ಚೆನ್ನಾಗಿತ್ತು. ಮುನೀಮರು ಎದ್ದು ಬಂದು ಕೈ ಕಟ್ಟಿ ನಿಂತರು. ಎಂಟು ವಾರದಿಂದ ಅವರು ಮಾತನಾಡಿದ್ದು ತೊಗರಿ ದರದ ಬಗ್ಗೆ, ತೇವಾಂಶದ ಬಗ್ಗೆ. ಅಂದು ಡಬ್ಬಿಯ ಬಗ್ಗೆ ಮಾತನಾಡಿದರು.

ಮಾಲೀಕರು ಮಿಲ್ಲನ್ನು ಬಾಡಿಗೆಗೆ ಕೊಟ್ಟರು. ಬಂದವರು ಟ್ಯಾಲಿ ಗೊತ್ತೇ ಎಂದರು, ಡಿಗ್ರಿ ಇದೆಯೇ ಎಂದರು, ಮರುದಿನದಿಂದ ಬರಬೇಡಿ ಎಂದರು. ಮರುದಿನ ಎಂದಿನಂತೆ ಎಂಟೂವರೆಗೆ ಹೆಂಡತಿ ಡಬ್ಬಿ ಕಟ್ಟಿದರು: ಎರಡು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಬೇಡ ಎನ್ನಲು ಬಾಯಿ ಬರಲಿಲ್ಲ. ಸೈಕಲ್ ಹತ್ತಿ ಗಂಜಿನ ಕಡೆಗೇ ಹೊರಟು, ಓಣಿ ತಿರುಗಿದ ಮೇಲೆ ದಾರಿ ಬದಲಿಸಿ ಅಪ್ಪನ ಕೆರೆಗೆ ಹೋದರು. ಒಂದು ಗಂಟೆಯವರೆಗೆ ಒಂದು ಮರ, ಊಟ. ಆಮೇಲೆ ನೆರಳು ಸರಿದಂತೆ ಇನ್ನೊಂದು ಮರ. ಸಂಜೆ ಆರಕ್ಕೆ ಮನೆ. “ದಿನವೂ ಅಲ್ಲಿಯೇ ಕುಳಿತರೆ ಗುರುತಿನವರು ಸಿಗುತ್ತಾರೆಂದು ವಾರಕ್ಕೆರಡು ದಿನ ದರ್ಗಾದ ಕಡೆ ಹೋಗುತ್ತಿದ್ದೆ” ಎಂದಾಗ ಯಾರೋ ನಕ್ಕರು, ಮುನೀಮರೂ ನಕ್ಕರು. ಹೀಗೆ ನಲವತ್ತು ದಿನ.

ಒಂದು ರಾತ್ರಿ ತಾವೇ ಹೇಳಿದರಂತೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಮೂರನೆಯ ದಿನವೇ ಅವರಿಗೆ ಗೊತ್ತಾಗಿತ್ತು. ಮಿಲ್ಲಿನಿಂದ ಬಂದವರ ಅಂಗಿಯ ಕಾಲರಿನಲ್ಲಿ ತೊಗರಿ ಹೊಟ್ಟಿನ ಧೂಳು ಇದ್ದೇ ಇರುತ್ತದೆ. ಇಪ್ಪತ್ತಾರು ವರ್ಷ ಅದನ್ನು ಉಜ್ಜಿ ತೆಗೆದವರು ಅವರು. ಮೂರು ದಿನ ಕಾಲರು ಬೆಳ್ಳಗಿತ್ತು.

“ಗೊತ್ತಿದ್ದೂ ಕೇಳಲಿಲ್ಲವೇ?” ಎಂದು ಕಂಡಕ್ಟರ್ ಕುಳಿತಲ್ಲಿಂದಲೇ ಕೇಳಿದರು.

“ನಾನೂ ಅದನ್ನೇ ಕೇಳಿದೆ” ಎಂದರು ಮುನೀಮರು. “ನೀವು ಯಾವಾಗ ಹೇಳುತ್ತೀರೋ ನೋಡೋಣ ಎಂದುಕೊಂಡೆ ಎಂದಳು. ನಾಲ್ಕನೆಯ ದಿನದಿಂದ ಡಬ್ಬಿಯಲ್ಲಿ ಮೂರು ರೊಟ್ಟಿ ಇದ್ದವು. ನಾನು ಎಣಿಸಿರಲಿಲ್ಲ.”